ರಿಪೋರ್ಟ್ ನಾರ್ಮಲ್, ನೋವೂ ನಿಜ

ಎದೆ ಢವಢವ ಎನ್ನುತ್ತದೆ, ಇಸಿಜಿ ಸರಿಯಾಗಿದೆ. ಹೊಟ್ಟೆ ಉಬ್ಬರಿಸುತ್ತದೆ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣುವುದಿಲ್ಲ. ಮೈಕೈ ನೋವು, ಸುಸ್ತು, ತಲೆಸುತ್ತು ತಿಂಗಳುಗಟ್ಟಲೆ ಕಾಡುತ್ತವೆ, ರಕ್ತಪರೀಕ್ಷೆಯ ಅಂಕಿಗಳೆಲ್ಲ ಮಿತಿಯೊಳಗೇ ಇವೆ. "ಎಲ್ಲಾ ನಾರ್ಮಲ್, ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಎಂದು ವೈದ್ಯರು ಮುಂದಿನವರನ್ನು ಕರೆಯುತ್ತಾರೆ. ಮನೆಗೆ ಬಂದರೆ, "ಡಾಕ್ಟ್ರೇ ಏನೂ ಇಲ್ಲ ಅಂದ್ರಲ್ಲ, ಮತ್ತೇನು ನಿಂದು?" ಸಮಾಧಾನಕ್ಕೆಂದು ಆಡಿದ ಮಾತು ರೋಗಿಯ ತಲೆಯ ಮೇಲೆ ಸುಳ್ಳು ಹೇಳಿದ ಆರೋಪವಾಗಿ ಬೀಳುವುದು ಹೀಗೆ. ಈ ಅನ್ಯಾಯಕ್ಕೆ ಬೇರು ಕೆಲವು ತಪ್ಪು ಕಲ್ಪನೆಗಳಲ್ಲಿದೆ. ಅವು ರೋಗಿಗಳಲ್ಲೂ ಇವೆ, ವೈದ್ಯರಲ್ಲೂ ಇವೆ.

"ಪರೀಕ್ಷೆಯಲ್ಲಿ ಸಿಗದಿದ್ದರೆ ಕಾಯಿಲೆಯೇ ಇಲ್ಲ"

ಮೈಗ್ರೇನ್ ಇರುವವರ ಮಿದುಳಿನ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಹಾಗೆಂದು ಆ ತಲೆನೋವನ್ನು ಯಾರೂ ಸುಳ್ಳೆನ್ನುವುದಿಲ್ಲ. ರೋಗಿ ಹೇಳುವ ಲಕ್ಷಣಗಳಿಂದಲೇ ಅದನ್ನು ಗುರುತಿಸುತ್ತಾರೆ. ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆಯೂ ಹಾಗೆಯೇ. ಎಂಡೋಸ್ಕೋಪಿಗೆ ಹುಣ್ಣು, ಗಡ್ಡೆ ಕಾಣುತ್ತವೆ. ಕರುಳಿನ ನರಗಳು ಎಷ್ಟು ಸೂಕ್ಷ್ಮವಾಗಿವೆ ಎಂಬುದು ಕಾಣುವುದಿಲ್ಲ. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಚುರುಕಾಗಿ, ಸಣ್ಣ ಸ್ಪರ್ಶಕ್ಕೂ ನೋವಿನ ಸಂದೇಶ ಕಳಿಸಬಲ್ಲವು. ಕ್ಲಿಫರ್ಡ್ ವುಲ್ಫ್ ಇದರ ಪುರಾವೆಯನ್ನು 1983ರಲ್ಲೇ ಪ್ರಕಟಿಸಿದರು. ಒಮ್ಮೆ ಕಳ್ಳನನ್ನು ಕಂಡ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ: ಅಂಗಳದಲ್ಲಿ ಕಳ್ಳನಿಲ್ಲ, ಬೊಗಳುವುದಂತೂ ನಿಜ. ರೋಗಿಗೆ ಇಷ್ಟು ಹೇಳಲು ಒಂದು ನಿಮಿಷ ಸಾಕು.

ಇಂಥ ರೋಗಿಗಳು ಅಪರೂಪವೂ ಅಲ್ಲ. ಅಮೆರಿಕದ ಕ್ರೋಂಕೆ ಮತ್ತು ಮ್ಯಾಂಗಲ್ಸ್‌ಡಾರ್ಫ್ 1,000 ಹೊರರೋಗಿಗಳ ಮೂರು ವರ್ಷಗಳ ದಾಖಲೆ ತೆಗೆದು ನೋಡಿದರು. ಎದೆನೋವು, ಸುಸ್ತು, ತಲೆಸುತ್ತು, ಬೆನ್ನುನೋವಿನಂಥ 14 ಸಾಮಾನ್ಯ ಲಕ್ಷಣಗಳಿಗೆ ದೇಹದೊಳಗಿನ ಕಾರಣ ಸಿಕ್ಕಿದ್ದು ಶೇ 16ರಷ್ಟು ಸಲ ಮಾತ್ರ. 1989ರಲ್ಲಿ ಪ್ರಕಟವಾದ ಅಧ್ಯಯನವಿದು.

"ಎಲ್ಲ ನಾಟಕ"

ಈ ಮಾತು ನನಗೆ ಅತ್ಯಂತ ಕ್ರೂರವಾಗಿ ಕಾಣುತ್ತದೆ. ಒಂದು ಕಾಲಿನ ಬಲ ಹೋಯಿತೆಂದು ಬರುವ ಕೆಲವರ ಮಿದುಳು, ಬೆನ್ನುಹುರಿಗಳಲ್ಲಿ ಯಾವ ಹಾನಿಯೂ ಕಾಣುವುದಿಲ್ಲ. ಮಲಗಿಸಿ, "ಈ ಹಿಮ್ಮಡಿಯನ್ನು ಮಂಚಕ್ಕೆ ಒತ್ತಿ" ಎಂದರೆ ಅವರಿಂದಾಗುವುದಿಲ್ಲ. ಇನ್ನೊಂದು ಕಾಲನ್ನು ಮೇಲೆತ್ತಲು ಹೇಳಿದಾಗ ಮಾತ್ರ ಸೋತ ಕಾಲು ತಾನಾಗಿ ಮಂಚವನ್ನು ಒತ್ತುತ್ತದೆ. ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆಯಿದು. ಅದರ ಫಲಿತಾಂಶವನ್ನು ರೋಗಿಗೆ ತೋರಿಸದೆ ವೈದ್ಯರು ತಮ್ಮಲ್ಲೇ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಎಡಿನ್‌ಬರೊದ ನರರೋಗ ತಜ್ಞ ಜಾನ್ ಸ್ಟೋನ್ ಮತ್ತು ಅವರಂಥ ಇತರರು ಅದನ್ನು ರೋಗಿಗೇ ತೋರಿಸಬೇಕು ಎನ್ನುತ್ತಾರೆ: "ನೋಡಿ, ನರದ ದಾರಿ ಕೆಟ್ಟಿಲ್ಲ. ನೀವು ಗಮನವಿಟ್ಟು ಯತ್ನಿಸಿದಾಗ ಕಾಲಿಗೆ ಆಜ್ಞೆ ತಲುಪುತ್ತಿಲ್ಲ, ಗಮನ ಬೇರೆ ಕಡೆ ಹೋದಾಗ ತಲುಪುತ್ತಿದೆ. ಇದು ಸುಧಾರಿಸಬಲ್ಲ ತೊಂದರೆ." ಕಳ್ಳತನ ಹಿಡಿಯುವಂತೆ ಬಳಕೆಯಾಗಬಹುದಾಗಿದ್ದ ಪರೀಕ್ಷೆ ಇಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆಯಾಗುತ್ತದೆ.

"ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ನೆಮ್ಮದಿ"

ಗಂಭೀರ ಕಾಯಿಲೆಯ ಸಾಧ್ಯತೆ ಕಡಿಮೆ ಇರುವವರಿಗೆ ಪರೀಕ್ಷೆ ಮಾಡಿಸಿದರೆ ಆತಂಕ ಇಳಿಯುತ್ತದೆಯೇ ಎಂದು 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆ 2013ರಲ್ಲಿ ಬಂತು. ಆತಂಕವಾಗಲಿ ಲಕ್ಷಣವಾಗಲಿ ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಮೇಲಾಗಿ ಸ್ಕ್ಯಾನ್ ಹೊಸ ಭಯಗಳನ್ನೂ ತರುತ್ತದೆ. ಬೆನ್ನುನೋವೇ ಇಲ್ಲದವರ ಬೆನ್ನುಮೂಳೆಯ ಚಿತ್ರಗಳನ್ನು ಪರಿಶೀಲಿಸಿದ 2015ರ ವಿಮರ್ಶೆಯ ಪ್ರಕಾರ, 20ರ ಹರೆಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆದಿರುತ್ತದೆ. 80ರ ವಯಸ್ಸಿನವರಲ್ಲಿ ಶೇ 96. "ನಿಮ್ಮ ಡಿಸ್ಕ್ ಸವೆದಿದೆ" ಎಂದು ಕೇಳಿದ ಮೇಲೆ ಬಗ್ಗಿ ಬಿಂದಿಗೆ ಎತ್ತಲೂ ಹೆದರುವವರು ಎಷ್ಟು ಜನ!

ರೋಗಿಗಳೇ ಪಟ್ಟು ಹಿಡಿಯುತ್ತಾರೆ ಎಂಬುದು ವೈದ್ಯರ ದೂರು. ಸುಸ್ತೆಂದರೆ ಡ್ರಿಪ್ಸ್ ಹಾಕಿ ಎನ್ನುವವರು ನಮ್ಮಲ್ಲಿ ಇದ್ದಾರೆ, ಒಪ್ಪೋಣ. ಆದರೆ ಲಿವರ್‌ಪೂಲ್‌ನ ಪೀಟರ್ ಸಾಲ್ಮನ್ ಮತ್ತು ಸಂಗಡಿಗರು ವೈದ್ಯ–ರೋಗಿಗಳ ಸಂಭಾಷಣೆಗಳನ್ನೇ ಧ್ವನಿಮುದ್ರಿಸಿ ಕೇಳಿದಾಗ, ಮಾತ್ರೆ, ಪರೀಕ್ಷೆಗಳ ಪ್ರಸ್ತಾಪ ಹೆಚ್ಚಾಗಿ ವೈದ್ಯರಿಂದಲೇ ಬಂದಿತ್ತು. ರೋಗಿಗಳು ಕೇಳುತ್ತಿದ್ದದ್ದು ಮುಖ್ಯವಾಗಿ ವಿವರಣೆ. ನಡುನಡುವೆ ಮನೆಯ, ಮನಸ್ಸಿನ ಕಷ್ಟದ ಸುಳಿವನ್ನೂ ಬಿಡುತ್ತಿದ್ದರು. ಅದನ್ನು ಎತ್ತಿಕೊಳ್ಳುವವರಿರಲಿಲ್ಲ. ಭಾರತದಲ್ಲಿ ವೈದ್ಯರೊಬ್ಬರು ರೋಗಿಗೆ ಕೊಡುವ ಸಮಯ ಸರಾಸರಿ ಎರಡು ನಿಮಿಷವೆಂದು 2017ರ ಅಂತರರಾಷ್ಟ್ರೀಯ ಅಧ್ಯಯನ ಹೇಳಿತ್ತು. ಅಷ್ಟರಲ್ಲಿ ಚೀಟಿ ಬರೆಯುವುದು ಸುಲಭ, ಸುಳಿವು ಹಿಡಿಯುವುದು ಕಷ್ಟ. ಆದರೂ ಅದಕ್ಕೆ ರೋಗಿಯನ್ನು ದೂರುವುದು ಸರಿಯಲ್ಲ.

"ಹಾಗಾದರೆ ಮನಸ್ಸಿನದೇ ಕಾಯಿಲೆ"

ಇದೂ ಅರ್ಧ ಸತ್ಯ. ಕೆಲವರಿಗೆ ಜೊತೆಯಲ್ಲಿ ಖಿನ್ನತೆಯೋ ಆತಂಕವೋ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂದಾಗ, ಕಾರಣ ಸಿಗದಿರುವುದನ್ನೇ ಮಾನಸಿಕ ಕಾಯಿಲೆಯ ಲಕ್ಷಣವೆಂದು ಎಣಿಸುವ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್ ಮತ್ತು ಸಹೋದ್ಯೋಗಿಗಳು ಹೊರರೋಗಿಗಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಖಿನ್ನತೆ ಎಂದರೆ ಜನ ಕೀಳಾಗಿ ಕಾಣುತ್ತಾರೆ ಎಂಬ ಅಳುಕು ಅವರಲ್ಲಿತ್ತು. ಮೈನೋವು ಎಲ್ಲರಿಗೂ ಬರುವಂಥದ್ದು, ಅದನ್ನು ಹೇಳಿಕೊಳ್ಳಲು ಅಷ್ಟು ಸಂಕೋಚವಿರಲಿಲ್ಲ. ಹಾಗಾಗಿ ಎಲ್ಲ ಪರೀಕ್ಷೆ ಮುಗಿಸಿ ಕೊನೆಗೆ "ಸೈಕಿಯಾಟ್ರಿಸ್ಟ್ ಹತ್ರ ಹೋಗಿ" ಎಂದರೆ ಅದು ಹೊರಗಟ್ಟಿದಂತೆ ಕೇಳುತ್ತದೆ. ನಿದ್ದೆ ಹೇಗಿದೆ, ಮನೆಯಲ್ಲಿ ಹೇಗಿದೆ ಎಂಬ ವಿಚಾರಣೆ ಮೊದಲ ದಿನವೇ, ಬಿಪಿ ನೋಡುವಷ್ಟೇ ಸಹಜವಾಗಿ ಬರಬೇಕು.

ದೊಡ್ಡ ಕಾಯಿಲೆ ತಪ್ಪಿಹೋದರೆ ಎಂಬ ಭಯ ನ್ಯಾಯವಾದದ್ದೇ. ಕರ್ನಾಟಕದ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯಿರುವಾಗ ಹಿಮೋಗ್ಲೋಬಿನ್ ನೋಡದೆ ಹೆಣ್ಣುಮಕ್ಕಳ ಸುಸ್ತನ್ನು ಟೆನ್ಷನ್ ಎಂದು ಬಿಡುವುದು ತಪ್ಪು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಬಂದರೆ, ಜ್ವರ ಬಿಡದಿದ್ದರೆ, ನಿಶ್ಶಕ್ತಿ ದಿನೇ ದಿನೇ ಏರುತ್ತಿದ್ದರೆ ಮತ್ತೆ ಪರೀಕ್ಷಿಸಲೇಬೇಕು. ಆದರೆ ಸರಿಯಾಗಿ ತಪಾಸಣೆ ನಡೆದಿದ್ದರೆ ಭಯಕ್ಕೆ ಮಿತಿಯಿದೆ: ಕಾರಣ ಕಾಣದ ನರದೌರ್ಬಲ್ಯದಂಥ ಲಕ್ಷಣಗಳಲ್ಲಿ ರೋಗನಿರ್ಣಯ ತಪ್ಪಿದ್ದು 1970ರ ದಶಕದಿಂದೀಚೆಗೆ ಶೇ 4ರಷ್ಟು ಮಾತ್ರ ಎಂದು 2005ರ ವಿಮರ್ಶೆಯೊಂದು ಲೆಕ್ಕ ಹಾಕಿದೆ.

ರೋಗಿಯೂ ಧೈರ್ಯವಾಗಿ ಕೇಳಬಹುದು: "ಈ ರಿಪೋರ್ಟಿಂದ ಯಾವ ಯಾವ ಕಾಯಿಲೆ ಇಲ್ಲ ಅಂತಾಯ್ತು? ಹಾಗಾದ್ರೆ ನೋವು ಯಾಕೆ ಬರ್ತಿರಬಹುದು? ಏನಾದ್ರೆ ತಕ್ಷಣ ಬರಬೇಕು?" ಕೊನೆಗೆ ವೈದ್ಯರು ಹೇಳಬೇಕಾದದ್ದು "ಬೇಕಾದರೆ ಬನ್ನಿ" ಎಂದಲ್ಲ, "ಮುಂದಿನ ತಿಂಗಳು ಬನ್ನಿ, ನೋವು ಕಡಿಮೆಯಾಗಿದ್ದರೂ ಬನ್ನಿ" ಎಂದು. ರಿಚರ್ಡ್ ಸ್ಮಿತ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನೇ ಪ್ರಯೋಗಿಸಿ ನೋಡಿದರು. ನಾಲ್ಕರಿಂದ ಆರು ವಾರಕ್ಕೊಮ್ಮೆ ತಪ್ಪದೆ ಕರೆಸಿ, ಮುಟ್ಟಿ ನೋಡಿ, ಅನಗತ್ಯ ಪರೀಕ್ಷೆ ಬರೆಯಬೇಡಿ ಎಂದು ವೈದ್ಯರಿಗೆ ಒಂದು ಪತ್ರ ಕಳಿಸಿದ್ದಷ್ಟೇ. ರೋಗಿಗಳ ಆರೋಗ್ಯ ಕೆಡಲಿಲ್ಲ, ಚಿಕಿತ್ಸೆಯ ಖರ್ಚು ಶೇ 53ರಷ್ಟು ಇಳಿಯಿತು ಎಂದು 1986ರಲ್ಲಿ ವರದಿ ಮಾಡಿದರು.