ಸ್ಟ್ಯಾಟಿಕ್ ರೂಟ್ ಅಂದ್ರೆ ದೇವಾಪುರ ಕ್ರಾಸ್‌ನ ಬೋರ್ಡ್

ಸುರಪುರದಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ದೇವಾಪುರ ಸಿಗುತ್ತದೆ. ನೇರ ಹೋದರೆ ತಿಂಥಣಿ, ಕೃಷ್ಣಾ ಸೇತುವೆ, ಲಿಂಗಸುಗೂರು. ಇನ್ನೊಂದು ರಸ್ತೆ ಹಿಡಿದರೆ ಹುಣಸಗಿ, ತಾಳಿಕೋಟಿ ಮೇಲೆ ಮನಗೂಳಿ. ಕ್ರಾಸ್‌ನಲ್ಲಿ ನಿಂತವರಿಗೆ ಪೂರ್ತಿ ಮ್ಯಾಪ್ ಬೇಕಿಲ್ಲ, ಮನಗೂಳಿಗೆ ಯಾವ ಕಡೆ ತಿರುಗಬೇಕು ಅಂತ ಗೊತ್ತಾದರೆ ಸಾಕು. ಫೈರ್‌ವಾಲ್‌ನಲ್ಲಿ ಸ್ಟ್ಯಾಟಿಕ್ ರೂಟ್ ಮಾಡೋದೂ ಇಷ್ಟೇ ಕೆಲಸ.

ಒಂದು ಉದಾಹರಣೆ ತಗೊಳ್ಳೋಣ. ಫೈರ್‌ವಾಲ್‌ನ ಒಳಗಿನ ಅಡ್ರೆಸ್ 192.168.1.1. ಹಾಸ್ಟೆಲ್ ನೆಟ್‌ವರ್ಕ್ 10.20.0.0/16, ಅದು 192.168.1.2 ಅನ್ನೋ ಸ್ವಿಚ್‌ನ ಹಿಂದಿದೆ. ರೂಟ್‌ನಲ್ಲಿ ಮೂರು ವಿಷಯ ತುಂಬಬೇಕು:

1. ಎಲ್ಲಿಗೆ: 10.20.0.0/16
2. ಮುಂದಿನ ಗೇಟ್‌ವೇ: 192.168.1.2
3. ಯಾವ ಇಂಟರ್‌ಫೇಸ್: ಲ್ಯಾನ್

ಲ್ಯಾಬ್‌ನ 10.20.30.0/24 ಮಾತ್ರ 192.168.1.3ರ ಹಿಂದಿದ್ದರೆ ಅದಕ್ಕೆ ಇನ್ನೊಂದು ರೂಟ್ ಹಾಕಿ. 10.20.30.15ಕ್ಕೆ ಹೋಗುವ ಪ್ಯಾಕೆಟ್ ಎರಡಕ್ಕೂ ಹೊಂದುತ್ತದೆ, ಆದರೆ ಗೆಲ್ಲೋದು /24. ಸ್ಲ್ಯಾಶ್ ಮುಂದಿನ ಸಂಖ್ಯೆ ದೊಡ್ಡದಿದ್ದಷ್ಟೂ ವಿಳಾಸ ಹೆಚ್ಚು ಖಚಿತ. ಯಾವುದಕ್ಕೂ ಹೊಂದದೇ ಇದ್ದದ್ದು 0.0.0.0/0, ಅಂದರೆ ಡೀಫಾಲ್ಟ್ ರೂಟ್ ಹಿಡಿದು ಇಂಟರ್ನೆಟ್ ಕಡೆ ಹೋಗುತ್ತದೆ.

ಈ ಹಾಸ್ಟೆಲ್ ರೂಟ್ ಹಾಕದೇ ಹೋದರೆ ಏನಾಗುತ್ತೆ? ಹಾಸ್ಟೆಲ್‌ನಿಂದ ರಿಕ್ವೆಸ್ಟ್ ಹೊರಗೆ ಹೋಗುತ್ತದೆ, ಉತ್ತರ ಫೈರ್‌ವಾಲ್ ತನಕ ವಾಪಸ್ಸೂ ಬರುತ್ತದೆ. ಆದರೆ 10.20 ಎಲ್ಲಿದೆ ಅಂತ ಫೈರ್‌ವಾಲ್‌ಗೆ ಗೊತ್ತಿಲ್ಲ, ಅದನ್ನ ಮತ್ತೆ ಇಂಟರ್ನೆಟ್ ಕಡೆಗೇ ತಳ್ಳುತ್ತದೆ. 10ರಿಂದ ಶುರುವಾಗುವ ವಿಳಾಸಗಳನ್ನು 1994ರಲ್ಲೇ ಖಾಸಗಿ ಬಳಕೆಗೆ ಮೀಸಲಿಟ್ಟಿದ್ದಾರೆ, ಹೊರಗೆ ಅವಕ್ಕೆ ಜಾಗ ಇಲ್ಲ. ಪೇಜ್ ಸುಮ್ನೆ ಲೋಡ್ ಆಗ್ತಾನೇ ಇರುತ್ತೆ. ಅದಕ್ಕೇ ಹೋಗುವ ದಾರಿಯ ಜೊತೆ ಬರುವ ದಾರಿಯನ್ನೂ ಚೆಕ್ ಮಾಡಿ. ಇನ್ನೊಂದು ಮಾತು: ರೂಟ್ ದಾರಿ ತೋರಿಸುತ್ತದೆ ಅಷ್ಟೇ, ಅನುಮತಿ ಕೊಡಲ್ಲ. ಅದಕ್ಕೆ ಪಾಲಿಸಿ ಬೇರೆ ಬರೀಬೇಕು.

ಈಗ ಬೋರ್ಡ್‌ನ ದೊಡ್ಡ ಕೊರತೆಗೆ ಬರೋಣ. ಇದೇ ಕೃಷ್ಣೆಗೆ ಶಹಾಪುರ ತಾಲ್ಲೂಕಿನ ಕೊಳ್ಳೂರಿನಲ್ಲಿ, ದೇವದುರ್ಗದ ದಾರಿಯಲ್ಲಿ, ಇನ್ನೊಂದು ಸೇತುವೆ ಇದೆ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ. 2019ರ ಆಗಸ್ಟ್‌ನಲ್ಲೂ ಮುಳುಗಿತ್ತು. ಸೇತುವೆ ನೀರಲ್ಲಿದ್ದರೂ ರಸ್ತೆ ಬದಿಯ ಬೋರ್ಡ್ ಮಾತ್ರ ಅದೇ ದಿಕ್ಕು ತೋರಿಸ್ತಾ ಇರುತ್ತೆ.

ಸ್ಟ್ಯಾಟಿಕ್ ರೂಟ್ ಕೂಡ ಹಾಗೇ. ಫೈರ್‌ವಾಲ್‌ನ ಕೇಬಲ್ಲೇ ಕಿತ್ತರೆ ಆ ರೂಟ್ ಟೇಬಲ್‌ನಿಂದ ಹೋಗುತ್ತದೆ. ಎರಡು ಹೆಜ್ಜೆ ಆಚೆ ಲಿಂಕ್ ಸತ್ತರೆ ಅದಕ್ಕೆ ಗೊತ್ತೇ ಆಗಲ್ಲ. ಪರಿಹಾರ ಎರಡು ಸೇರಿ ಆಗಬೇಕು. ಮೊದಲನೆಯದು, ಬೇರೆ ದಾರಿಯಲ್ಲಿ ಹೋಗುವ ಎರಡನೇ ರೂಟ್. ಅದರ ಡಿಸ್ಟೆನ್ಸ್ ಹೆಚ್ಚಿಡಿ: ಮೊದಲನೆಯದಕ್ಕೆ 10, ಇದಕ್ಕೆ 20. ಕಡಿಮೆ ಸಂಖ್ಯೆಯದೇ ಕೆಲಸ ಮಾಡುತ್ತದೆ. ಎರಡನೆಯದು, ಲಿಂಕ್ ಮಾನಿಟರ್. ಪಕ್ಕದ ಗೇಟ್‌ವೇಗೆ ಅಲ್ಲ, ಅದರಾಚೆಯ ಒಂದು ವಿಳಾಸಕ್ಕೆ ಪಿಂಗ್ ಕೊಡಿಸಿ. ಉತ್ತರ ನಿಂತರೆ ಮೊದಲ ರೂಟ್ ತಾನೇ ಇಳಿದು ಎರಡನೆಯದು ಬರುತ್ತದೆ.

ರೂಟ್ ಸೇವ್ ಮಾಡಿ ಎದ್ದು ಹೋಗಬೇಡಿ. ಒಮ್ಮೆ ಆಚೆ ಕಡೆಯ ಲಿಂಕ್ ಬೇಕಂತಲೇ ತೆಗೆದು ನೋಡಿ. ಪರೀಕ್ಷೆ ಫಾರ್ಮ್ ತುಂಬೋ ಕೊನೇ ದಿನ ಗೊತ್ತಾಗೋದಕ್ಕಿಂತ ಇವತ್ತೇ ಗೊತ್ತಾಗಲಿ.