ಹಸುಗೂಸಿಗೂ ಗೊತ್ತಾಗುತ್ತದೆ

ಬೆಳವಣಿಗೆಯ ಮನೋವಿಜ್ಞಾನಿ ಎಂದರೆ ಮಗುವಿನಲ್ಲಿ ಏನಾದರೂ ತೊಂದರೆ ಇದ್ದಾಗ ಹೋಗಿ ತೋರಿಸುವ ಡಾಕ್ಟರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಂಥ ಮಕ್ಕಳಿಗೆ ನೆರವಾಗುವವರೂ ಅವರಲ್ಲಿದ್ದಾರೆ, ನಿಜ. ಆದರೆ ಮನುಷ್ಯರೆಲ್ಲರೂ ನೋಡಲು, ಮಾತಾಡಲು, ಯೋಚಿಸಲು ಕಲಿಯುವುದು ಹೇಗೆ, ವಯಸ್ಸಾದಂತೆ ಅದು ಏನಾಗುತ್ತದೆ ಎಂಬುದೇ ಅವರ ಮುಖ್ಯ ಪ್ರಶ್ನೆ. 1956ರಲ್ಲಿ ಮನೋವಿಜ್ಞಾನಿ ವಾರ್ನರ್ ಶಾಯಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ ದಶಕಗಟ್ಟಲೆ ಗಮನಿಸಿದ್ದು ದೊಡ್ಡವರನ್ನೇ.

‘ಹಸುಗೂಸಿಗೆ ಏನು ಗೊತ್ತಾಗುತ್ತೆ?’ ಎನ್ನುವುದು ಇನ್ನೊಂದು ಮಾತು. ಮಾತು ಬಾರದ ಕೂಸನ್ನು ಕೇಳುವಂತಿಲ್ಲ; ಅದಕ್ಕೆ ಬರುವ ಕೆಲಸದಲ್ಲೇ ಉತ್ತರ ಹುಡುಕಬೇಕು. 1980ರಲ್ಲಿ ಮನೋವಿಜ್ಞಾನಿಗಳಾದ ಡಿಕ್ಯಾಸ್ಪರ್ ಮತ್ತು ಫೈಫರ್ ಹುಡುಕಿದ್ದು ಚೀಪುವುದರಲ್ಲಿ. ಒಂದು ರೀತಿ ಚೀಪಿದರೆ ಅಮ್ಮನ ದನಿ, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ಅಮ್ಮನ ದನಿ ಬರುವಂತೆ ಚೀಪತೊಡಗಿದವು.

ಇದಕ್ಕಿಂತಲೂ ನನಗೆ ಬೆರಗು ತರಿಸುವುದು ಕೆನಡಾದ ಜಾನೆಟ್ ವರ್ಕರ್ ಅವರ ಪ್ರಯೋಗ. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಕೇಳಿಸಿದ್ದು ಹಿಂದಿಯ ತ ಮತ್ತು ಟ. ಕನ್ನಡಕ್ಕೂ ಸಹಜವಾದ ಈ ಭೇದ ಇಂಗ್ಲಿಷಿನಲ್ಲಿಲ್ಲ. ಮಗು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ, ಸ್ಪೀಕರಿನಿಂದ ಒಂದೇ ಅಕ್ಷರ ಮತ್ತೆ ಮತ್ತೆ ಕೇಳುತ್ತದೆ. ಅಕ್ಷರ ಬದಲಾದ ಕೂಡಲೇ ತಲೆ ತಿರುಗಿಸಿದರೆ ಪೆಟ್ಟಿಗೆಯೊಳಗೆ ದೀಪ ಹೊತ್ತಿ ಗೊಂಬೆಯೊಂದು ಕುಣಿಯುತ್ತದೆ. ಅಮ್ಮ ತನಗರಿಯದೆ ಸುಳಿವು ಕೊಟ್ಟುಬಿಡಬಾರದಲ್ಲ, ಅದಕ್ಕೇ ಆಕೆಯ ಕಿವಿಗೆ ಹೆಡ್‌ಫೋನಿನಲ್ಲಿ ಸಂಗೀತ! 1984ರಲ್ಲಿ ಪ್ರಕಟವಾದ ಫಲಿತಾಂಶದಂತೆ 6–8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. 10–12 ತಿಂಗಳವುಗಳಲ್ಲಿ ಕೆಲವಕ್ಕಷ್ಟೇ ಸಾಧ್ಯವಾಯಿತು. ಹಿಂದಿ ಮನೆಗಳ ಮಕ್ಕಳು ಮಾತ್ರ ವರ್ಷ ತುಂಬುವ ಹೊತ್ತಿಗೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಮಗುವಿನ ಕಿವಿ ಮನೆಮಾತಿಗೆ ಪಳಗುವುದು ಬಾಯಿ ಬರುವುದಕ್ಕೂ ಮೊದಲೇ.

ಹೀಗಿರುವಾಗ, ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಗೊಂಡು ಮಾತು ತಡವಾಗುತ್ತದೆ ಎಂದು ಹೆದರಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಆ ಹೆದರಿಕೆಗೆ ಮನೆಯಲ್ಲಿ ತುಳು, ಕೊಂಕಣಿ ನಿಲ್ಲಿಸುವವರಿದ್ದಾರೆ. ಎರಡು ಭಾಷೆಯ ಮಗುವಿಗೆ ಒಂದೊಂದರಲ್ಲೂ ಪದ ಕಡಿಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಅದು ಸಾಮಾನ್ಯವಾಗಿ ಹಿಂದೆ ಬಿದ್ದಿರುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡೂ ಬೆರೆಸುವುದು ಗೊಂದಲದ ಗುರುತಲ್ಲ, ದೊಡ್ಡವರೂ ಹಾಗೇ ಮಾತಾಡುತ್ತಾರೆ. ಮಾತು ನಿಜಕ್ಕೂ ತಡವಾಗಿದ್ದರೆ ಭಾಷೆಯನ್ನು ದೂರುತ್ತ ಕಾಯಬೇಡಿ. ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ.