ಮಕ್ಕಳ ಮಣಿಕಟ್ಟು ಮುರಿದಾಗ

ಕೋಲಾರದ ಚಿನ್ನದ ಗಣಿ ಪ್ರದೇಶದವರಿಗೆ ಸೈನೈಡ್ ದಿಬ್ಬಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ, ವರ್ಷಗಟ್ಟಲೆ ರಾಶಿ ಬಿದ್ದು ಗುಡ್ಡಗಳಾಗಿ ನಿಂತಿದೆ. ಹಿರಿಯರು ಬೇಡವೆಂದಷ್ಟೂ ಹುಡುಗರು ಅವನ್ನು ಹತ್ತುತ್ತಾರೆ. ಬಂಗಾರಪೇಟೆಯ ಮಕ್ಕಳಿಗೆ ದಿಬ್ಬವಿಲ್ಲದಿದ್ದರೆ ಹುಣಸೆಮರವಿದೆ, ಅಣ್ಣನ ಸೈಕಲ್ಲಿದೆ. ಎಲ್ಲಿಂದ ಬಿದ್ದರೂ ಮಗು ಬೀಳುವ ರೀತಿ ಒಂದೇ: ಅಂಗೈಯನ್ನು ಮುಂದಕ್ಕೆ ಚಾಚಿ ನೆಲಕ್ಕೆ ಊರುತ್ತದೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಮುರಿಯುವುದು ಮಣಿಕಟ್ಟಿನ ಸಮೀಪದ ಮೂಳೆಯೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಮಗುವಿನ ಮೂಳೆ ದೊಡ್ಡವರ ಮೂಳೆಯ ಚಿಕ್ಕ ರೂಪವಲ್ಲ. ಅದು ಮೆತ್ತಗೆ, ಅದರ ಸುತ್ತ ದಪ್ಪನಾದ, ರಕ್ತ ತುಂಬಿದ ಪೊರೆಯಿರುತ್ತದೆ. ಒಣಕಡ್ಡಿಯನ್ನು ಬಗ್ಗಿಸಿದರೆ ಪಟಕ್ಕನೆ ಎರಡಾಗುತ್ತದೆ. ಹಸಿ ಹೊಂಗೆಯ ಕೊಂಬೆ ಒಂದು ಬದಿಯಲ್ಲಿ ಸೀಳಿ, ಇನ್ನೊಂದು ಬದಿಯಲ್ಲಿ ಬಾಗಿಕೊಂಡು ಉಳಿಯುತ್ತದೆ. ಮಕ್ಕಳ ಮೂಳೆ ಹಲವು ವೇಳೆ ಹೀಗೆ ಹಸಿಕೊಂಬೆಯಂತೆ ಮುರಿಯುತ್ತದೆ. ಇನ್ನೂ ಹಗುರವಾದ ಪೆಟ್ಟಿನಲ್ಲಿ ಮೂಳೆ ಸೀಳುವುದೂ ಇಲ್ಲ, ಒತ್ತಿದ ತಗಡಿನ ಡಬ್ಬಿಯ ಹಾಗೆ ಒಂದೆಡೆ ಉಬ್ಬಿ ನಿಲ್ಲುತ್ತದೆ. ಇಂಥ ಮಗು ಬೆರಳನ್ನು ಚೆನ್ನಾಗಿಯೇ ಆಡಿಸುತ್ತದೆ. “ಬೆರಳು ಆಡಿಸ್ತಾನಲ್ಲ, ಮುರಿದಿಲ್ಲ ಬಿಡಮ್ಮ” ಎಂದು ಅಜ್ಜಿ ಹೇಳುವುದುಂಟು. ಈ ಪರೀಕ್ಷೆಯನ್ನು ನಂಬಬಾರದು. ಮೂಳೆಯ ಒಂದೇ ಜಾಗವನ್ನು ಮುಟ್ಟಿದಾಗ ಮಗು ಚೀರಿದರೆ, ಮರುದಿನವೂ ಆ ಕೈಯಲ್ಲಿ ತುತ್ತು ಎತ್ತದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು.

2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ತಾಯಿತಂದೆಗಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಗು ಬಿದ್ದಾಗ ಮನೆಯಲ್ಲಿರುವವರು ಅಜ್ಜಿ, ತಾತ. ಅವರು ಆ ಗಳಿಗೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಬಳೆ, ಉಂಗುರ, ಕಾಶಿದಾರ ಇದ್ದರೆ ಊತ ಏರುವ ಮೊದಲೇ ತೆಗೆಯಿರಿ. ಈ ಪತ್ರಿಕೆಯನ್ನೇ ದೋಣಿಯಂತೆ ಮಡಚಿ, ಕೈಯನ್ನು ಅದರಲ್ಲಿಟ್ಟು, ಹಳೆಯ ಪಂಚೆಯ ತುಂಡಿನಿಂದ ಸಡಿಲವಾಗಿ ಸುತ್ತಿ, ಕುತ್ತಿಗೆಗೆ ಜೋಲಿ ಕಟ್ಟಿರಿ. ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಎಣ್ಣೆ ತಿಕ್ಕಬೇಡಿ. ಕೈ ಸೊಟ್ಟಗಾಗಿದ್ದರೆ ಊಟ ಕೊಡದೆ ಕರೆದೊಯ್ಯಿರಿ, ಮತ್ತು ಬರಿಸಿ ಮೂಳೆ ಕೂರಿಸಬೇಕಾಗಬಹುದು. ಗಾಯವಾಗಿ ರಕ್ತ ಬರುತ್ತಿದ್ದರೆ, ಬೆರಳು ಮರಗಟ್ಟಿದ್ದರೆ ಸಂಜೆಯ ರೈಲಿಗಾಗಿ ಕಾಯುವ ಮಾತೇ ಇಲ್ಲ.

ಹೋಗುವುದೆಲ್ಲಿಗೆ? ಹಿಂದೆ ಗಣಿಯ ಕುಟುಂಬಗಳಿಗೆ ಚಾಂಪಿಯನ್ ರೀಫಿನ ಕಂಪನಿ ಆಸ್ಪತ್ರೆಯಿತ್ತು. ಈಗ ಹತ್ತಿರದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆ. ಆದರೆ ಇನ್ನೊಂದು ದಾರಿಯನ್ನೂ ನಮ್ಮ ಜನ ಬಲ್ಲರು: ಆಂಧ್ರದಲ್ಲಿ ತಿರುಪತಿಯ ಕಡೆಯ ಪುತ್ತೂರು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ ಇವಿಷ್ಟರಿಂದ ಕಟ್ಟುವ ಪುತ್ತೂರು ಕಟ್ಟಿಗೆ ದಕ್ಷಿಣದಲ್ಲೆಲ್ಲ ಹೆಸರಿದೆ. ಆ ಹೆಸರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಯೋಚಿಸಬೇಕು. ಮಗುವಿನ ಮೂಳೆ ತಾನಾಗಿಯೇ ಕೂಡುತ್ತದೆ. ಕೀರ್ತಿ ಮಾತ್ರ ಕೊನೆಗೆ ಕಟ್ಟಿದವರಿಗೆ ಸಲ್ಲುತ್ತದೆ. ಈ ಮಾತು ದೊಡ್ಡ ಡಾಕ್ಟರಿಗೂ ಅನ್ವಯಿಸುತ್ತದೆ.

ಭಯವಿರುವುದು ಮುರಿತದಲ್ಲಿ ಅಷ್ಟಾಗಿ ಅಲ್ಲ, ಬಿಗಿಯಲ್ಲಿ. ಪೆಟ್ಟಾದ ಎರಡು ಮೂರು ದಿನ ಕೈ ಊದುತ್ತಲೇ ಇರುತ್ತದೆ. ಸುತ್ತ ಬಿಗಿಯಾದ ದಬ್ಬೆ ಇದ್ದರೆ ಊತ ಹೊರಗೆ ಹೋಗಲಾರದೆ ಒಳಗಿನ ಸ್ನಾಯುಗಳನ್ನೇ ಒತ್ತಿ, ರಕ್ತ ಹರಿಯದಂತೆ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಆಮೇಲೆ ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿ ಹಾಗೆಯೇ ನಿಂತುಬಿಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿದರು. ಇಂದಿಗೂ ಈ ಊನಕ್ಕೆ ಅವರದೇ ಹೆಸರು. ಆಸ್ಪತ್ರೆಯ ಪ್ಲಾಸ್ಟರೂ, ಗಣಿ ಪ್ರದೇಶದ ತಮಿಳರು ‘ಮಾವುಕಟ್ಟು’ ಎನ್ನುವ ಅದೇ ಕಟ್ಟು, ಬಿಗಿಯಾದರೆ ಇದನ್ನೇ ಮಾಡಬಲ್ಲದು. ನೋವು ಇಳಿಯುವ ಬದಲು ಏರುತ್ತಾ ಹೋದರೆ, ಬೆರಳನ್ನು ಮೆಲ್ಲಗೆ ಬಿಡಿಸಿದಾಗ ಮಗು ಕಿರುಚಿದರೆ, ಬೆರಳು ತಣ್ಣಗಾಗಿ ನೀಲಿಯಾದರೆ ಅಥವಾ ಜೋಮು ಹಿಡಿದರೆ, ನಡುರಾತ್ರಿಯಾದರೂ ಸರಿ, ಕಟ್ಟನ್ನು ಚರ್ಮ ಕಾಣುವವರೆಗೆ ಬಿಡಿಸಬೇಕು. ಬಟ್ಟೆ, ದಬ್ಬೆಯಾದರೆ ಮನೆಯಲ್ಲೇ ಕತ್ತರಿಸಿ ಆಸ್ಪತ್ರೆಗೆ ಓಡಿ. ಪ್ಲಾಸ್ಟರಾದರೆ ಕೈಯನ್ನು ಎದೆಯ ಮಟ್ಟದಲ್ಲಿಟ್ಟುಕೊಂಡು ಆ ಕ್ಷಣವೇ ಹೊರಡಿ. ನೋವಿನ ಮಾತ್ರೆ ಕೊಟ್ಟು ಬೆಳಗಿನವರೆಗೆ ತಡೆಯುವುದು ಮಹಾ ಅಪಾಯ.

ಚಿಕಿತ್ಸೆ ಮುರಿತದ ಬಗೆಯನ್ನು ಅನುಸರಿಸುತ್ತದೆ. ಬರೀ ಉಬ್ಬಿದ ಮೂಳೆಗೆ ಪ್ಲಾಸ್ಟರಿನ ಅಗತ್ಯವೇ ಇಲ್ಲ. ಬ್ರಿಟನ್ನಿನಲ್ಲಿ 965 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೆತ್ತನೆಯ ಬ್ಯಾಂಡೇಜ್ ಕಟ್ಟಿದವರೂ ಗಟ್ಟಿ ಆಸರೆ ಕಟ್ಟಿದವರೂ ಒಂದೇ ತರಹ ಗುಣವಾದರು. ಮೂಳೆ ಬಾಗಿದ್ದರೆ ಅಥವಾ ಪೂರ್ತಿ ಮುರಿದಿದ್ದರೆ ನಾಲ್ಕರಿಂದ ಆರು ವಾರ ಪ್ಲಾಸ್ಟರು. ಮೊದಲ ಎರಡು ವಾರಗಳಲ್ಲಿ ಕೂರಿಸಿದ ಮೂಳೆ ಮತ್ತೆ ಜಾರುವುದುಂಟು. ವಾರಕ್ಕೆ ಬನ್ನಿ ಎಂದು ವೈದ್ಯರು ಹೇಳುವುದು ಇದಕ್ಕೇ. ನೋವಿಲ್ಲವೆಂದು ಆ ಭೇಟಿಯನ್ನು ತಪ್ಪಿಸಬಾರದು. ತುಸು ಸೊಟ್ಟು ಉಳಿದರೂ ಹತ್ತು ವರ್ಷದೊಳಗಿನ ಮಗುವಿನಲ್ಲಿ ಹೆದರಬೇಕಿಲ್ಲ. ಮೂಳೆ ಬೆಳೆಯುತ್ತಾ ತಾನೇ ನೆಟ್ಟಗಾಗುತ್ತದೆ. ತಿರುಚಿಕೊಂಡು ಕೂಡಿದ್ದು ಮಾತ್ರ ಸರಿಹೋಗದು. ಹದಿನಾಲ್ಕು ಹದಿನೈದರ ಮಕ್ಕಳಿಗೂ ಈ ಸೌಲಭ್ಯ ಕಡಿಮೆ.

ಮನೆಯಲ್ಲಿ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಗಂಟೆಗೊಮ್ಮೆ ಬೆರಳು ಆಡಿಸುವಂತೆ ಹೇಳಿ. ಕೆರೆತಕ್ಕೆ ಸ್ವೆಟರ್ ಕಡ್ಡಿ ತೂರಿಸುವುದು ಬೇಡ, ಒಳಗೆ ಗಾಯವಾಗಿ ಕೀವು ಕಟ್ಟೀತು. ಪ್ಲಾಸ್ಟರು ಬಿಚ್ಚಿದ ದಿನ ಕೈ ಸಣಕಲಾಗಿ, ಚರ್ಮ ಸುಲಿದು, ಬಿಗಿದುಕೊಂಡಿರುವುದನ್ನು ಕಂಡು ತಾಯಂದಿರು ಅಳುತ್ತಾರೆ. ಉಗುರುಬೆಚ್ಚನೆಯ ನೀರು, ಕೊಬ್ಬರಿ ಎಣ್ಣೆಯ ಲೇಪ ಸಾಕು. ನೀವಿ ಜಗ್ಗಿಸುವವರನ್ನು ಕರೆಯಬೇಡಿ. ಮಗು ತಾನೇ ಆಡಿಕೊಂಡು ಕೆಲವು ವಾರಗಳಲ್ಲಿ ಸರಿಮಾಡಿಕೊಳ್ಳುತ್ತದೆ. ಹೊಸ ಮೂಳೆ ಇನ್ನೂ ಎಳೆಯದಾದ್ದರಿಂದ ದಿಬ್ಬ, ಮರ, ಸೈಕಲ್ಲುಗಳನ್ನು ಇನ್ನೊಂದು ತಿಂಗಳಾದರೂ ದೂರವಿಡಬೇಕು. ಮಣಿಕಟ್ಟಿನ ತುದಿಯಲ್ಲಿ ಮೂಳೆಯನ್ನು ಉದ್ದ ಬೆಳೆಸುವ ಮೃದುವಾದ ಪದರವೊಂದಿದೆ. ಪೆಟ್ಟು ಅದಕ್ಕೆ ತಾಗಿದೆಯೆಂದು ವೈದ್ಯರು ಹೇಳಿದ್ದರೆ, ಕೈ ಪೂರ್ತಿ ಗುಣವಾದಂತೆ ಕಂಡರೂ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ಎರಡು ಕೈಗಳನ್ನೂ ಹೋಲಿಸಿ ನೋಡಿಸಬೇಕು.